ಹಳೇ ಮನಿಯ ಹಗೇವು, ಹೊಸ ಮಾಲಕಿ

ಮನಿ ಬಾಡಿಗಿ ಕೊಟ್ಟು ನೋಡ್ರಿ, ದಿನಾ ಒಂದು ಹೊಸ ಮಾತು ಕಲೀತೀರಿ, ದಿನಾ ಒಂದು ಫಜೀತಿ! ಸಿಂದಗಿಯಾಗ ಹೊಸ ಮನಿ ಕಟ್ಟಿಸಿ, ಬಾಜೂಕಿನ ಹಳೇ ಮನಿ ಸಾಲಿ ಮಾಸ್ತರಿಗೆ ಕೊಟ್ಟಾಗ ನನ್ನ ಕಾಲು ನೆಲಕ್ಕ ಹತ್ತಲಿಲ್ಲ. "ಇನ್ನ ಮ್ಯಾಲೆ ನಾನು ಮಾಲಕಿ!" ಅಂತ ಓಣಿ ತುಂಬ ಸಕ್ಕರಿ ಹಂಚಿದ್ದೆ.

೧. ಅನಾಮತ್ತು

ಬಾಡಿಗಿದಾರ ಬರುವಾಗ ಇಟ್ಟು, ಮನಿ ಬಿಡುವಾಗ ತಿರುಗಿ ಒಯ್ಯೋದು ಅನಾಮತ್ತು. ಮಾಸ್ತರ ಕೈ ಖಾಲಿ. "ಅಕ್ಕಾರ, ಅನಾಮತ್ತಿಗೆ ನಮ್ಮ ಆಡು ಇಟಕೊಳ್ರಿ" ಅಂದ್ರು. ಖುಷೀಲೆ ಕಟ್ಟಿಸಿಕೊಂಡೆ. ಮರುದಿನ ಹಾಲು ಹಿಂಡಾಕ ಕುಂತರ, ಮಾಸ್ತರ ಹೆಂಡತಿ ಚರಿಗಿ ಹಿಡಕೊಂಡು ಬಂದ್ಲು.

"ಯಾಕವಾ?"

"ಅನಾಮತ್ತು ನಮ್ಮದಲ್ರೀ ಅಕ್ಕಾರ? ನೀವು ಬರೇ ಕಾಯಾವ್ರು."

ಅವತ್ತಿಂದ ಮೇವು ನಂದು, ಹಾಲು ಆಕಿದು.

೨. ಕಬಜಾ

ಮನಿ ಯಾರದರೆ ಇರಲಿ, ಬೀಗದ ಕೈ ಇದ್ದವರದು ಕಬಜಾ. ಮಗಳನ್ನ ನೋಡಾಕ ಹೂವಿನ ಹಿಪ್ಪರಗಿಯಿಂದ ಗಂಡಿನವರು ನಾಳೆ ಬರ್ತೀವಿ ಅಂತ ಹೇಳಿ ಕಳಿಸಿದ್ರು. ಅಡಗಿಮನ್ಯಾಗ ಜ್ವಾಳ ತೀರಿತ್ತು. ವರ್ಷದ ಜ್ವಾಳ ಎಲ್ಲಾ ಹಳೇ ಮನಿ ಪಡಸಾಲಿ ನೆಲದಾಗ, ಕಾಳು ತುಂಬಿ ಮುಚ್ಚೂ ಹಗೇವಿನೊಳಗ! ಬಾಡಿಗಿ ಕೊಡೂ ಗದ್ದಲದಾಗ ಮರತೇ ಬಿಟ್ಟಿದ್ದೆ. ರೊಟ್ಟಿ ಇಲ್ಲದ ಮನಿ ಹೆಣ್ಣು ಯಾರು ಒಪ್ಪತಾರ? ಬುಟ್ಟಿ ಹಿಡಕೊಂಡು ಸೀದಾ ನುಗ್ಗಿದೆ. ಮಾಸ್ತರ ಹೆಂಡತಿ ಬಾಗಲದಾಗ ಕೈ ಅಡ್ಡ ಇಟ್ಲು.

"ನಿಂದರ್ರಿ. ಅವರನ್ನ ಕೇಳಬೇಕು."

"ನನ್ನ ಮನಿಗೆ ನನಗ ಅಪ್ಪಣೀನ?"

"ಕೇಳದ ಒಳಗ ಬರಂಗಿಲ್ಲಂತ ಕರಾರು ಪತ್ರದಾಗ ಬರದೈತಿ. ಹೆಬ್ಬೆಟ್ಟು ನಿಮ್ಮದ!"

ಸಾಲಿ ಬಿಡೂತನ ನನ್ನ ಮನಿ ಕಟ್ಟಿ ಮ್ಯಾಲೆ ನಾನೇ ಪರದೇಶಿಯಂಗ ಕುಂತಿದ್ದೆ.

೩. ದುರಸ್ತಿ

ಸಣ್ಣ ದುರಸ್ತಿ ಬಾಡಿಗಿದಾರರದು, ದೊಡ್ಡದು ಮಾಲಕರದು. ಮಾಸ್ತರು ಒಪ್ಪಿದ್ರು, ನೆಲ ಅಗದು ಹಗೇವು ತೆಗಸಿದ್ವಿ. ಬಂಗಾರದಂಥ ಜ್ವಾಳ! ಆದರ ಒಳಗಿನ ಘಾಟು ಮನಿ ತುಂಬ ಹಬ್ಬಿತು. "ಇದು ಹೋಗಿ, ಮುಚ್ಚಿ ಸಾರಿಸಿದ ನೆಲ ಆರೂತನ ನಾವೆಲ್ಲಿ ಇರೋಣ್ರಿ? ದೊಡ್ಡ ದುರಸ್ತಿ ನಿಮ್ಮದ" ಅಂದ್ರು ಮಾಸ್ತರು. ಏನು ಮಾಡೋದು, ನಮ್ಮ ಹೊಸ ಮನಿಗೇ ಕರಕೊಂಡು ಬಂದೆ.

ಮರುದಿನ ಮುಂಜಾನೆ ರೊಟ್ಟಿ ಬಡದು ಇಟ್ಟು, ಮಾಸಿದ ಸೀರ್ಯಾಗ ಅಂಗಳಕ್ಕ ಬಂದು ಅನಾಮತ್ತಿಗೆ ಮೇವು ಹಾಕಾಕತ್ತಿದ್ದೆ. ಗಂಡಿನವರ ಬಂಡಿ ಬಂದೇ ಬಿಡ್ತು! ಮಾಸ್ತರ ಹೆಂಡತಿ ಇಳಕಲ್ ಸೀರಿ ಉಟ್ಟು ನನ್ನ ಬಾಗಲದಾಗ ನಿಂತಿದ್ಲು. ಮುಂದ ನಮ್ಮ ಬೀಗತಿ ಆದ ಹೆಣ್ಣಮಗಳು ಬಂಡಿ ಇಳಿದು, ಆಕೀನ ನೋಡಿ, ನನ್ನ ನೋಡಿ, "ಏ ಯವ್ವಾ, ನಾವು ಒಳಗ ಬರಬಹುದೇನ, ನಿಮ್ಮ ಮಾಲಕೀನ್ನ ಕೇಳು" ಅಂದ್ಲು.

ಎರಡು ಮನಿ ಮಾಲಕಿ ನಾನು! ಕೈಯಾಗ ಹುಲ್ಲು, ಬಾಯಾಗ ಬಂದ ಮಾತು ಏನಂತೀರಿ?

"ನಿಂದರ್ರಿ, ಕೇಳಿ ಬರ್ತೇನಿ!"