ಟವೆಲು ಹೊದ್ದ ಮಾಯಾಗನ್ನಡಿ

ಕಂಪನಿಯ ಧಣಿಗಳು ಎಳೆಯ ವಯಸ್ಸಿನಲ್ಲಿ ಓದಿದ ಒಂದು ದಪ್ಪ ಕಾದಂಬರಿ ತನ್ನ ಅನ್ನಕ್ಕೇ ಕಲ್ಲು ಹಾಕೀತೆಂದು ಕಿವಿ ಇಂಜಿನಿಯರ್ ಕನಸಿನಲ್ಲೂ ಎಣಿಸಿರಲಿಲ್ಲ. (ಕಿವಿ ಇಂಜಿನಿಯರ್ ಎಂಬುದು ಆಫೀಸಿನವರು ದಯಪಾಲಿಸಿದ ಬಿರುದು. ಕಂಪನಿ ತಯಾರಿಸುವ ಗೋಡೆಗನ್ನಡಿಗೆ ಮನೆಮಂದಿಯ ಮಾತು ಚೆನ್ನಾಗಿ ಕೇಳಿಸುವಂತೆ ಮಾಡುವುದು ಆತನ ಉದ್ಯೋಗ.) ಆ ಕಾದಂಬರಿಯಲ್ಲಿ ಗೋಪುರದ ತುದಿಯಲ್ಲಿ ಕೂತು ಮಾಯಾಗನ್ನಡಿಯಲ್ಲಿ ಎಲ್ಲರ ಮನೆಯನ್ನೂ ನೋಡುವ ಒಬ್ಬ ರಾಜನಿದ್ದಾನೆ. ಧಣಿಗಳಿಗೆ ಅವನೇ ಆದರ್ಶ. ತಯಾರಾದ ಕನ್ನಡಿಗೆ ‘ಮಾಯಾಗನ್ನಡಿ’ ಎಂದು ಹೆಸರಿಟ್ಟರು, ತಮ್ಮ ಮೇಲಂತಸ್ತನ್ನು ‘ಗೋಪುರ’ ಎಂದರು, ಪರೀಕ್ಷೆಗೆಂದು ನೌಕರರ ಮನೆಗಳ ಹಾಲಿನಲ್ಲೆಲ್ಲ ಒಂದೊಂದನ್ನು ತೂಗುಹಾಕಿಸಿದರು. ಈಗ ಹೊಸ ಆಜ್ಞೆ ಹೊರಟಿತ್ತು. ಆ ಕಾದಂಬರಿಯ ನೀತಿಯೇನೆಂದು ನಾಳೆಯ ಸಭೆಯಲ್ಲಿ ಕಿವಿ ಇಂಜಿನಿಯರ್ ಮಾತಾಡಬೇಕು. ಹೋದ ಸಲ ಮಾತಾಡಿ ತಡವರಿಸಿದವನ ಕುರ್ಚಿ ಇನ್ನೂ ಖಾಲಿಯಿತ್ತು.

ಆತನೋ ಮುನ್ನುಡಿಯನ್ನೇ ದಾಟಿರಲಿಲ್ಲ. ಪುಸ್ತಕ ಪೂರ್ತಿ ಓದಿದ್ದವಳು ಹೆಂಡತಿ. ಸಂಜೆ ಬೆವರೊರೆಸಿಕೊಳ್ಳುತ್ತ ಹಾಲಿನಲ್ಲಿ ಅವಳೆದುರು ಕೂತ. ಕೂರುವ ಮೊದಲು ಮಹಾ ಮುಂದಾಲೋಚನೆಯಿಂದ ಮಾಯಾಗನ್ನಡಿಗೆ ಸ್ನಾನದ ಟವೆಲು ಹೊದಿಸಿದ.

“ಆ ರಾಜ ರಾಕ್ಷಸ ಕಣ್ರೀ,” ಎಂದಳು ಹೆಂಡತಿ. “ಕಂಡವರ ಮನೆ ಇಣುಕಿ ಇಣುಕಿ ತಲೆ ಕೆಡಿಸ್ಕೊಳ್ತಾನೆ. ಕೊನೆಗೆ ಅವನ ಅಡುಗೆಯವಳೇ ಕನ್ನಡಿ ಒಡೆದು ಹಾಕ್ತಾಳೆ. ನಿಮ್ಮ ಧಣಿ ಪುಸ್ತಕ ತಲೆಕೆಳಗು ಹಿಡ್ಕೊಂಡು ಓದಿರಬೇಕು.”

ರಾಜ ಒಳ್ಳೆಯವನೆನ್ನಲು ಏನಾದರೂ ಆಧಾರ ಸಿಕ್ಕೀತೇ, ಒಂದು ಪುಟದಲ್ಲಾದರೂ ನಾಯಿಯ ತಲೆ ಸವರಿದ್ದಾನೆಯೇ ಎಂದು ಆತ ಗೋಗರೆದ. ನಾಯಿಯ ಬಾಯನ್ನೂ ಹೊಲಿಸಿದ್ದಾನೆ ಎಂದಳು ಆಕೆ.

“ನಮ್ಮ ಧಣಿನೂ ಅದೇ ತಳಿ ಕಣೇ,” ಎಂದು ಆತ ನಿಟ್ಟುಸಿರುಬಿಟ್ಟ. “ಆದ್ರೂ ನಾಳೆ ಆ ರಾಜನ್ನ ದೇವರು ಅಂತೀನಿ. ನನಗೆ ಕೆಲಸ ಬೇಕು.”

“ಅನ್ನಿ. ಅಲ್ಲ, ಟವೆಲು ಹೊದಿಸಿದ್ದು ಅದರ ಕಣ್ಣಿಗೆ. ಕಿವಿಗೆ?”

ಕಿವಿ ಇಂಜಿನಿಯರ್ ತನ್ನ ಬಾಯಿಗೆ ಕೈ ಅಡ್ಡ ಹಿಡಿದ. ಕಂಬಳಿ ಹೊದಿಸಿದರೂ ಪಿಸುಮಾತು ಗೋಪುರಕ್ಕೆ ತಲುಪುತ್ತದೆ ಎಂದು ಸಭೆಯಲ್ಲಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದವನು ಸ್ವತಃ ಆತನೇ.

ಬೆಳಗಾಗುತ್ತಲೇ ಗೋಪುರದಿಂದ ಕರೆ ಬಂತು. ಆತ ಆಫೀಸಿನ ಮೇಜಿನ ಮೇಲಿದ್ದ ತನ್ನ ಲೋಟ, ಬಾಚಣಿಗೆಗಳನ್ನು ಚೀಲಕ್ಕೆ ತುಂಬಿಕೊಂಡೇ ಮೇಲೆ ಹೋದ. ಧಣಿಗಳ ಕಣ್ಣು ಒದ್ದೆಯಾಗಿತ್ತು.

“ನನ್ನನ್ನ ಆ ರಾಜನ ತಳಿ ಅಂದ್ರಲ್ಲ, ಇಷ್ಟು ದೊಡ್ಡ ಮಾತು ಯಾರೂ ಆಡಿರಲಿಲ್ಲ,” ಎಂದರು. “ಕೊನೇ ಭಾಗ ನಾನು ಓದಿರ್ಲಿಲ್ಲ. ರಾಜ ಎಲ್ಲಿ ಎಡವಿದ ಅಂತ ನಿಮ್ಮ ಮನೆಯವರಿಂದ ಗೊತ್ತಾಯ್ತು.”

ಎಲ್ಲಿ ಎಂದು ಆತ ಕೇಳಿದ.

“ಅಡುಗೆಮನೇಲಿ ಕನ್ನಡಿ ಹಾಕಿರ್ಲಿಲ್ಲ.”

ಕೆಲಸ ಉಳಿಯಿತು, ಸಭೆ ಒಂದು ದಿನ ಮುಂದಕ್ಕೆ ಹೋಯಿತು. ಮಧ್ಯಾಹ್ನದೊಳಗೆ ಆತನ ಅಡುಗೆಮನೆಯಲ್ಲಿ, ಒಲೆಯ ಎದುರಿಗೇ, ಹೊಸ ಮಾಯಾಗನ್ನಡಿ ಮಿನುಗಿತು. ಹೆಂಡತಿ ಅದನ್ನೊಮ್ಮೆ ನೋಡಿದಳು, ಗಂಡನ ಕೈಗೆ ಸೌಟು ಕೊಟ್ಟಳು, ಅದು ಇರುವ ತನಕ ಒಳಗೆ ಕಾಲಿಡುವುದಿಲ್ಲವೆಂದು ಹೇಳಿ ಪುಸ್ತಕ ಹಿಡಿದು ಹಾಲಿನಲ್ಲಿ ಕೂತಳು.

ಮರುದಿನ ಸಭೆಯಲ್ಲಿ ಧಣಿಗಳು ಆತನನ್ನು ಎಬ್ಬಿಸಿ ನಿಲ್ಲಿಸಿ, ನಿನ್ನೆ ಒಲೆಯ ಮುಂದೆ ಅಷ್ಟೊಂದು ಅತ್ತದ್ದು ಕಂಪನಿಯ ಮೇಲಿನ ಬೇಸರದಿಂದಲೋ ಎಂದು ಎಲ್ಲರೆದುರು ವಿಚಾರಿಸಿದರು.

“ಈರುಳ್ಳಿ, ಸಾರ್,” ಎಂದ ಕಿವಿ ಇಂಜಿನಿಯರ್.