ಮೈದುನನ ಕಸರತ್ತು ಮತ್ತು ಒಂಬತ್ತು ಹಿಡಿ ಕಡಲೆ

ಆ ದಿನ ನಾನು ಮಾಡಿದ ಕೆಲಸಗಳನ್ನು ಮೊದಲು ಹೇಳಿಬಿಡುತ್ತೇನೆ. ಒಲೆ ಹೊತ್ತಿಸಿದ್ದು, ಹಾಲು ಕರೆದದ್ದು, ನೀರುದೋಸೆ ಎರೆದದ್ದು, ಅತ್ತೆಯ ಮಂಡಿಗೆ ಎಣ್ಣೆ ಬಿಸಿ ಮಾಡಿದ್ದು, ಬಚ್ಚಲ ಹಂಡೆ ತಿಕ್ಕಿದ್ದು, ಮತ್ತೆ ಹಿಂದಿನ ದಿನ ನೆನೆಹಾಕಿದ್ದ ಒಂಬತ್ತು ಹಿಡಿ ಕಡಲೆ ಬಸಿದು ಮೈದುನನ ಕೈಗೆ ಕೊಟ್ಟದ್ದು. ಕಡಲೆಯ ವಿಷಯ ಆಮೇಲೆ. ಮೊದಲು ಮೈದುನ.

ನನ್ನ ಮೈದುನನಷ್ಟು ಬಲಶಾಲಿ ಆ ಕಾಲದ ಸವಣೂರಿನಲ್ಲಿ ಇನ್ನೊಬ್ಬನಿರಲಿಲ್ಲ. ಅಷ್ಟು ಬಲವಿದ್ದೂ ಮನೆಗೆ ಉಪಯೋಗಕ್ಕಿಲ್ಲದವನು ಪುತ್ತೂರು, ಸುಳ್ಯ, ಕಡಬ ಹುಡುಕಿದರೂ ಸಿಗುತ್ತಿರಲಿಲ್ಲ! ಎರಡು ಕೈಯಲ್ಲಿ ಎರಡು ಅಕ್ಕಿಮುಡಿ ಎತ್ತುತ್ತಿದ್ದ. ಉಂಡ ಬಟ್ಟಲು ಮಾತ್ರ ಎತ್ತುತ್ತಿರಲಿಲ್ಲ.

ಬೊಂಬಾಯಿಯ ಹೋಟೆಲಿನಲ್ಲಿ ನಾಲ್ಕು ವರ್ಷ ಗ್ಲಾಸು ತೊಳೆದು ಊರಿಗೆ ಮರಳಿದಾಗ ಅವನ ಟ್ರಂಕನ್ನು ಬಸ್ಸಿನ ಮೇಲಿಂದ ಇಳಿಸಲು ಮೂವರು ಬೇಕಾದರು. ಸೀರೆ ಇರಬಹುದೆಂದು ನಾನು, ಪಾತ್ರೆ ಇರಬಹುದೆಂದು ಅತ್ತೆ, ಇಬ್ಬರೂ ಜಗಲಿಯಲ್ಲಿ ಕಾದು ಕೂತೆವು. ತೆರೆದರೆ ಎರಡು ಡಂಬೆಲ್ಸು, ನಾಲ್ಕು ಕಬ್ಬಿಣದ ಚಕ್ರ!

“ಇದೆಂತ ಮಗಾ?” ಎಂದರು ಅತ್ತೆ.

“ವ್ಯಾಯಾಮ ಶಾಲೆ ಮಾಡ್ತೇನೆ ಅಮ್ಮ. ಊರಿನವರ ಮೈ ಕಟ್ಟುದು.”

“ಊರಿನವರ ಮೈ ಆಮೇಲೆ ಕಟ್ಟುವಿಯಂತೆ. ಮೊದಲು ದನದ ಹಟ್ಟಿಯ ಬೇಲಿ ಕಟ್ಟು.”

ಬೇಲಿ ಕಟ್ಟಲಿಲ್ಲ. ನೆರೆಮನೆಯ ಅಡಿಕೆ ವ್ಯಾಪಾರಿ ಹಾಜಿಯವರ ಬಳಿ ಹೋದ. ಮಳೆಗಾಲದಲ್ಲಿ ಅವರ ಗೋದಾಮು ಖಾಲಿ. ಅವರು ಬೀಗದ ಕೈ ಕೊಟ್ಟು ಒಂದು ಮಾತು ಸೇರಿಸಿದರು. “ಹೊಸ ಅಡಿಕೆ ಬರುವುದರ ಒಳಗೆ ಹತ್ತು ಜನ ಮಾಡು. ಅರ್ಧ ಗೋದಾಮು ನಿಂಗೆ. ಆಗದಿದ್ದರೆ ಪೂರಾ ಅಡಿಕೆಗೆ. ಮನೆಯವರನ್ನು ಸೇರಿಸಿ ಹತ್ತು ಅಂತ ಹೇಳ್ಲಿಕ್ಕಿಲ್ಲ, ಆಯ್ತಾ?” ಹತ್ತು ಆಗದಿದ್ದರೆ ಮೈದುನನಿಗೆ ಮತ್ತೆ ಬೊಂಬಾಯಿ, ಅದೇ ಹೋಟೆಲು, ಅದೇ ಗ್ಲಾಸು.

ಬೋರ್ಡು ಬರೆಸಲು ಕೈಯಲ್ಲಿ ಕಾಸಿಲ್ಲ. “ನನ್ನ ಮೈಯೇ ಬೋರ್ಡು ಅತ್ತಿಗೆ” ಎಂದವನು ಮರುದಿನದಿಂದ ಪುತ್ತೂರಿನ ಮೊದಲ ಬಸ್ಸು ಬರುವ ಹೊತ್ತಿಗೆ ರಸ್ತೆ ಬದಿಯಲ್ಲಿ ನಿಂತು ಬಸ್ಕಿ ಹೊಡೆಯತೊಡಗಿದ. ನಮ್ಮಲ್ಲಿ ಬಸ್ಕಿ ಹೊಡೆಯುವವರು ಯಾರು? ಮಗ್ಗಿ ತಪ್ಪಿದವರು ತಾನೇ! ಬಸ್ಸಿನ ಕಿಟಕಿಗಳಲ್ಲೆಲ್ಲ ಅಯ್ಯೋ ಪಾಪ ಎನ್ನುವ ಮುಖಗಳು. ಒಬ್ಬ ಅಜ್ಜಿ “ಯಾವ ದೇವರಿಗೆ ಹರಕೆ ಮಗಾ?” ಎಂದು ಕೇಳಿದರಂತೆ. ಮೂರನೆಯ ದಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಕೂಗಿದ. “ಸಾಕು ಮಾರಾಯ್ರೆ, ನಿಲ್ಲಿಸಿ! ಮಾಸ್ಟ್ರು ಮನೆಗೆ ಹೋಗಿಯಾಯ್ತು!”

ಅದು ಬಿಟ್ಟು ಸಂತೆಯ ದಿನ ಅಂಗಡಿಗಳ ಮುಂದೆ ಗೋಣಿಚೀಲ ಎತ್ತಿ ತೋರಿಸಿದ. ಜನ ಸೇರಿದರು, ಹೊಗಳಿದರು, ಮರುವಾರ ಹೇಳಿಕಳಿಸಿದರು. ವ್ಯಾಯಾಮಕ್ಕಲ್ಲ, ಲೋಡು ಮಾಡಲಿಕ್ಕೆ! ಪುಕ್ಕಟೆ ಎತ್ತುವವನು ಸಿಕ್ಕಿದರೆ ಯಾರು ಬಿಟ್ಟಾರು? ಕೊನೆಗೆ ಹಮಾಲಿಗಳೇ ಮನೆಗೆ ಬಂದು “ಅಕ್ಕ, ನಿಮ್ಮ ಮೈದುನನಿಗೆ ಸ್ವಲ್ಪ ಹೇಳಿ, ನಮ್ಮ ಹೊಟ್ಟೆಗೆ ಹೊಡಿಬೇಡಿ ಅಂತ” ಎಂದು ಕೈಮುಗಿದು ಹೋದರು.

ಆಮೇಲೆ ಕ್ಷೌರಿಕನನ್ನು ಹಿಡಿದ. ಗಡ್ಡ ಕೆರೆಯುವಾಗ ಗಿರಾಕಿಯ ಕಿವಿಯಲ್ಲಿ “ಎದೆ ಸ್ವಲ್ಪ ಒಳಗೆ ಹೋದ ಹಾಗೆ ಉಂಟಲ್ಲ” ಎಂದರೆ ಸಾಕು, ಉಳಿದದ್ದನ್ನು ಭಯವೇ ಮಾಡುತ್ತದೆ ಎಂದು ಇವನ ಅಂದಾಜು. ಭಯ ಮಾಡಿತು ನಿಜ. ಗಿರಾಕಿಗಳು ಗೋದಾಮಿಗೆ ಬರಲಿಲ್ಲ, ಬೆಳ್ಳಾರೆಯ ಕ್ಷೌರಿಕನಲ್ಲಿಗೆ ಹೋದರು!

ಮದುವೆಯೂಟದ ಪಂಕ್ತಿಯಲ್ಲಿ ಹೊಟ್ಟೆ ಬಂದವರ ಪಕ್ಕವನ್ನೇ ಹುಡುಕಿ ಕೂತು “ಈ ಹೋಳಿಗೆ ಅಂದ್ರೆ ಎಪ್ಪತ್ತು ಬಸ್ಕಿ” ಎಂದು ಲೆಕ್ಕ ಹೇಳಿದ್ದೂ ಆಯಿತು. ಪೆರಾಬೆ ಊರಿನಿಂದ ಮುಂದಿನ ಮದುವೆಯ ಕಾಗದ ನನ್ನ ಗಂಡನ ಹೆಸರಿಗೆ ಬಂದಾಗ ಅದರ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ‘ತಮ್ಮನನ್ನು ಕೊನೆಯ ಪಂಕ್ತಿಗೆ ಕಳಿಸಿ.’

ಕೊನೆಗೆ ದಾರಿ ಹೇಳಿದ್ದು ನಾನೇ. “ಬಂದವರಿಗೆ ಒಂದು ಹಿಡಿ ನೆನೆದ ಕಡಲೆ, ಒಂದು ತುಂಡು ಬೆಲ್ಲ ಕೊಡು ಮಾರಾಯ. ನಮ್ಮ ಊರಲ್ಲಿ ಬಾಯಿಗೆ ಏನೂ ಹಾಕದೆ ಯಾರು ಬರ್ತಾರೆ?” ವಾರದೊಳಗೆ ಒಂಬತ್ತು ಜನ ಬಂದರು! ಮೊದಮೊದಲು ಕಡಲೆ ತಿಂದು ಕಸರತ್ತು ನಾಳೆ ಮಾಡುತ್ತೇವೆ ಎನ್ನುತ್ತಿದ್ದರು. ಕಸರತ್ತು ಮೊದಲು, ಕಡಲೆ ಆಮೇಲೆ ಎಂದಾಗಲೂ ಒಬ್ಬನೂ ಬಿಡಲಿಲ್ಲ. ಆದರೆ ಹತ್ತನೆಯವನು? ದೀಪಾವಳಿ ಹೋಯಿತು, ಅಂಗಳಗಳಲ್ಲಿ ಹೊಸ ಅಡಿಕೆ ಒಣಗತೊಡಗಿತು, ಹತ್ತನೆಯವನು ಬರಲೇ ಇಲ್ಲ.

ಇದರ ನಡುವೆ ಮನೆಯಲ್ಲೊಂದು ಸಂಗತಿ ನಡೆಯುತ್ತಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ ಅತ್ತೆ ಬಚ್ಚಲ ಬಳಿ ಜಾರಿ ಬಿದ್ದಿದ್ದರು. ಹಾಜಿಯವರ ಜೀಪಿನವರೆಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿಯೇ ಹೊತ್ತದ್ದು. ಎಲುಬು ಮುರಿದಿರಲಿಲ್ಲ, ಆದರೆ ಆಮೇಲೆ ಮಣೆಯಿಂದ ಏಳಲು ಇಬ್ಬರು ಬೇಕಾದರು. ಅಂದಿನಿಂದ ಮೈದುನ ಪ್ರತಿ ಸಂಜೆ ಅವರ ಎರಡೂ ಕೈ ಹಿಡಿದು ಎದುರು ನಿಲ್ಲುತ್ತಿದ್ದ. “ಏಳು ಅಮ್ಮ. ಕೂತ್ಕೊ. ಇನ್ನೊಂದು.” ಅತ್ತೆ ಬೈಯುತ್ತಿದ್ದರು, ಇವನು ಎಣಿಸುತ್ತಿದ್ದ. ಆ ಗಲಾಟೆಯ ನಡುವೆಯೇ ನಾನು ತೆಂಗಿನಕಾಯಿ ತುರಿಯುತ್ತಿದ್ದೆ.

ಇನ್ನು ಆ ದಿನಕ್ಕೆ ಬರುತ್ತೇನೆ. ಸಂಜೆ ಹಾಜಿಯವರು ಬೀಗದ ಕೈಗೆ ಬಂದರು. ಟ್ರಂಕು ಆಗಲೇ ತುಂಬಿ ನಿಂತಿತ್ತು. ಮೈದುನ ಬೀಗದ ಕೈಯನ್ನು ಜಗಲಿಯ ಮೇಲೆ ಅವರ ಪಕ್ಕ ಇಟ್ಟ. ಬೆಲ್ಲ ನೀರು ತರಲೆಂದು ನಾನು ಎದ್ದೆ. ಮಣೆಯ ಮೇಲೆ ಹರಿವೆ ಸೊಪ್ಪು ಬಿಡಿಸುತ್ತಿದ್ದ ಅತ್ತೆ “ನೀನಿರು” ಎಂದರು. ಎದ್ದರು. ಗೋಡೆ ಹಿಡಿಯಲಿಲ್ಲ. ಒಳಗೆ ಹೋಗಿ ಚೊಂಬು, ಬೆಲ್ಲ ತಂದು ಹಾಜಿಯವರ ಮುಂದೆ ಹಿಡಿದರು.

ಹಾಜಿಯವರು ಚೊಂಬು ತೆಗೆದುಕೊಳ್ಳಲು ಮರೆತರು. “ಇವರನ್ನಲ್ವಾ ನಾವು ಕುರ್ಚಿಯಲ್ಲಿ ಹೊತ್ತದ್ದು?”

“ನನ್ನನ್ನೇ” ಎಂದರು ಅತ್ತೆ. “ಈ ಕಟುಕ ದಿನಾ ಇಪ್ಪತ್ತು ಸಲ ಕೂರಿಸಿ ಏಳಿಸ್ತಾನೆ. ಕೇಳುವವರೇ ಇಲ್ಲ!”

“ಇದನ್ನು ಪೇಟೆಯಲ್ಲಿ ಹೇಳ್ಲಿಲ್ಲ ಎಂತಕ್ಕೆ ನೀನು?” ಹಾಜಿಯವರು ಮೈದುನನತ್ತ ತಿರುಗಿದರು.

“ಅಮ್ಮನ ಕಾಲಿನದ್ದು ಪೇಟೆಯಲ್ಲಿ ಎಂತ ಹೇಳುದು ಹಾಜಿಯವ್ರೆ?”

ಹಾಜಿಯವರು ತಮ್ಮ ಮಂಡಿಗಳನ್ನು ನೋಡಿಕೊಂಡರು. ಮೆಲ್ಲನೆ ಹೇಳಿದರು. “ನಾನೀಗ ನಮಾಜು ಕುರ್ಚಿಯಲ್ಲಿ ಕೂತು ಮಾಡುದು. ನೆಲಕ್ಕೆ ಹಣೆ ಮುಟ್ಟಿಸದೆ ಎರಡು ವರ್ಷ ಆಯ್ತು. ನಂಗೆ ಆಗ್ತದಾ?”

ಅಡಿಕೆ ಸಲಾಕೆಯಂಥ ಸಣಕಲನನ್ನೂ ಭೀಮ ಮಾಡುತ್ತೇನೆ ಎಂದು ಪೇಟೆಯೆಲ್ಲ ಸಾರಿದ ಮೈದುನ ಎದುರು ಬಂದು ಅವರ ಎರಡೂ ಕೈ ಹಿಡಿದುಕೊಂಡ. “ಮೆಲ್ಲ, ಹಾಜಿಯವ್ರೆ. ಇವತ್ತಿಗೆ ಅರ್ಧ ಸಾಕು.”

ಹಾಜಿಯವರು ಎದ್ದು ನಿಂತು ಅರ್ಧ ಬಗ್ಗಿದರು, ಮತ್ತೆ ಎದ್ದರು. ಕಣ್ಣೊರೆಸಿಕೊಂಡು ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು ಹೊರಟರು. ಅವರು ಗೇಟು ದಾಟಿದ ಮೇಲೆ ಅತ್ತೆ “ಅಯ್ಯೋ, ಬೀಗದ ಕೈ ಇಲ್ಲೇ ಬಿಟ್ಟು ಹೋದರಲ್ಲ!” ಎಂದರು. ಯಾರೂ ಅವರನ್ನು ಕೂಗಿ ಕರೆಯಲಿಲ್ಲ.

ರಾತ್ರಿ ಕುಚ್ಚಲಕ್ಕಿ ಗಂಜಿ, ಹರಿವೆ ಪಲ್ಯ, ಒಣಮೀನಿನ ಚಟ್ನಿ. ಉಂಡಾದ ಮೇಲೆ ಮೈದುನ ತನ್ನ ಬಟ್ಟಲನ್ನು ತಾನೇ ಎತ್ತಿದ, ಅಮ್ಮನದ್ದನ್ನೂ! ನಾನು ಒಂಬತ್ತು ಹಿಡಿ ಕಡಲೆ ನೆನೆಹಾಕಿ, ಹತ್ತನೆಯದನ್ನು ಬೇರೆ ಪಾತ್ರೆಗೆ ಹಾಕಿದೆ. ಹಾಜಿಯವರ ಹಲ್ಲಿಗೆ ಬೇಯಿಸಬೇಕಲ್ಲ. ಎಲ್ಲರಿಗಿಂತ ಮೊದಲು ನಿದ್ದೆ ಹೋದವನು ಮೈದುನ. ಬೊಂಬಾಯಿಗೆಂದು ಟ್ರಂಕಿನಲ್ಲಿ ಮಡಚಿಟ್ಟಿದ್ದ ಹೊದಿಕೆಯನ್ನು ಹೊರತೆಗೆದು ಹೊದ್ದುಕೊಂಡಿದ್ದ.