ಹೆಬ್ಬೆಟ್ಟಿನ ಪಾಲು

ನಮ್ಮ ಕುರ್ವೆಯಲ್ಲಿ, ಅಂದರೆ ಈ ನಡುಗಡ್ಡೆಯಲ್ಲಿ, ನದಿಗೆ ಭರತ ಬಂದು ನೀರು ಏರಿದಾಗ ಮಾತ್ರ ಬಡವರಿಗೆ ಪಡಿತರ ವಿತರಿಸತಕ್ಕದ್ದು ಎಂಬುದು ನಿಯಮ. ಹೊನ್ನಾವರ ಪೇಟೆಯವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಅವರಿಗೆ ನದಿಯೂ ಗೊತ್ತಿಲ್ಲ, ನಿಯಮವೂ ಗೊತ್ತಿಲ್ಲ. ಪಡಿತರ ಜಾಗೃತಿ ಸಮಿತಿಯ ಸದಸ್ಯನಾದ ನನಗೆ ಎರಡೂ ಗೊತ್ತು.

ಸಂಗತಿ ಇಷ್ಟೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರಕ್ಕೆ ಕುರ್ವೆಯ ಮೇಲೆ ಸಿಗ್ನಲ್ ಇಲ್ಲ. ಶರಾವತಿಯ ನಟ್ಟನಡುವೆ ಭರ್ಜರಿಯಾಗಿದೆ. ಯಂತ್ರವಿದ್ದಲ್ಲೇ ಅಕ್ಕಿ, ಅಕ್ಕಿಯಿದ್ದಲ್ಲೇ ಫಲಾನುಭವಿ ಇರಬೇಕೆಂದು ಆದೇಶ. ಆದ್ದರಿಂದ ರೇಷನ್ ಅಂಗಡಿಯ ಸುಧಾಕರ ಮೂಟೆ, ತಕ್ಕಡಿ, ಯಂತ್ರ, ಬಡವರು ಎಲ್ಲವನ್ನೂ ದಾಸನ ದೋಣಿಗೆ ತುಂಬಿದ. ನೀರು ಇಳಿದರೆ ದೋಣಿ ಮರಳಿಗೆ ಕೂರುತ್ತದೆ, ಅದಕ್ಕೇ ಭರತ.

ದೋಣಿ ಅಂದಮೇಲೆ ಪದ್ಧತಿ ಬಿಡಲಾಗುತ್ತದೆಯೇ? ಮೀನು ಬಂದರೆ ದೋಣಿಗೊಂದು ಪಾಲು, ಬಲೆಗೊಂದು ಪಾಲು, ಹಗ್ಗ ಎಳೆದ ಕೈಗೊಂದು ಪಾಲು. ಅಜ್ಜನ ಕಾಲದಿಂದ ಹೀಗೆ. ಅಕ್ಕಿಗೂ ಅದೇ ಅನ್ವಯಿಸಿತು. ದೋಣಿಯ ಪಾಲು ದಾಸನಿಗೆ. ಬಲೆಯ ಜಾಗದಲ್ಲಿ ಯಂತ್ರವಿರುವುದರಿಂದ ಯಂತ್ರದ ಪಾಲು ಸುಧಾಕರನಿಗೆ. ಕುಮಟಾದಿಂದ ತಪಾಸಣೆಗೆ ಬಂದ ಮಧುಸೂದನ ಸಾಹೇಬರು ದೋಣಿಯಂಚಿಗೆ ಬಗ್ಗಿ, ಬೆಳಿಗ್ಗೆ ತಿಂದ ಬನ್ಸ್ ಅಷ್ಟನ್ನೂ ನದಿಗೆ ಒಪ್ಪಿಸಿ, ಬಾಯಿ ಒರೆಸಿಕೊಂಡು, "ಎಲ್ಲ ಕ್ರಮಬದ್ಧ" ಎಂದರು. ಅವರಿಗೆ ವಾಂತಿಯ ಪಾಲು. ನನಗೆ ನೋಡಿಕೊಂಡವನ ಪಾಲು. ನಾನು ಬೇಡವೆಂದೆ. ಯಾರೂ ಒತ್ತಾಯ ಮಾಡಲಿಲ್ಲ, ಆದರೂ ತೆಗೆದುಕೊಂಡೆ.

ಮೀನು ಮಾರುವ ಮಾಸ್ತಮ್ಮನಿಗೆ ಮಾತ್ರ ಇದು ಅರ್ಥವಾಗಲಿಲ್ಲ. ಮಳೆಗಾಲ, ಬುಟ್ಟಿ ಖಾಲಿ, ಮನೆಯಲ್ಲಿ ಮೊಮ್ಮಗಳು ನೇತ್ರಾ.

"ಅಕ್ಕಿ ನನ್ನ ಕಾರ್ಡಿಂದು. ನಂಗೆ ಎಂತ ಉಳೀತು?" ಎಂದಳು.

"ಮಾಸ್ತಕ್ಕ, ನೀ ಕೂತಿದ್ದೆ," ಎಂದ ಸುಧಾಕರ. "ಕೂತವರಿಗೆ ಪಾಲಿಲ್ಲ. ತಳದಲ್ಲಿ ಉದುರಿದ್ದು ಗುಡಿಸ್ಕೊ."

"ಆತು," ಎಂದು ಗುಡಿಸಿಕೊಂಡು ಹೋದಳು.

ಮುಂದಿನ ತಿಂಗಳೂ ಸಾಹೇಬರು ತಪಾಸಣೆಗೆ ಬಂದಿದ್ದರು. ನದಿಯ ನಡುವೆ ಯಂತ್ರ ಮುಂದೆ ಬಂದಾಗ ಮಾಸ್ತಮ್ಮ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿ ಕೂತಳು.

"ದೋಣಿಗೆ ಪಾಲದೆ, ಯಂತ್ರಕ್ಕೆ ಪಾಲದೆ, ವಾಂತಿಗೂ ಪಾಲದೆ. ನನ್ನ ಹೆಬ್ಬೆಟ್ಟಿಗೆ?"

"ಹಾಗೊಂದು ನಿಯಮ ಇಲ್ಲ ಮಾರಾಯ್ತಿ, ಒತ್ತು!" ಎಂದ ಸುಧಾಕರ.

"ನಿಯಮ ಬರ್ಲಿ. ನಂಗೆಂತ ಅರ್ಜೆಂಟಿಲ್ಲ."

ಎಲ್ಲರ ಹೆಬ್ಬೆಟ್ಟು ಬೀಳದೆ ದೋಣಿ ತಿರುಗಿಸುವಂತಿಲ್ಲ. ನೀರು ಇಳಿಯತೊಡಗಿತು. ದೋಣಿಯ ತಳ ಮರಳಿಗೆ ಕರ್ರೆಂದು ಉಜ್ಜಿತು. ಅಯ್ಯೋ, ಸಾಹೇಬರ ಮುಖ ನೋಡಬೇಕಿತ್ತು! "ಕೊಡ್ರಿ ಅವಳಿಗೆ, ದಡ ಮುಟ್ಟಿಸ್ರಿ ನನ್ನ!" ಎಂದು ಕೂಗಿ, ಎರಡು ವಾಂತಿಗಳ ನಡುವೆ ಪ್ರಕಟಣೆ ಹೊರಡಿಸಿದರು:

"ಫಲಾನುಭವಿಯ ಬಲಗೈ ಹೆಬ್ಬೆಟ್ಟನ್ನು ಇನ್ನು ಮುಂದೆ ದೋಣಿಯ ಅಂಗವೆಂದು ಪರಿಗಣಿಸತಕ್ಕದ್ದು. ಸದರಿ ಹೆಬ್ಬೆಟ್ಟಿಗೆ ಒಂದು ಪಾಲು ಸಲ್ಲತಕ್ಕದ್ದು. ಫಲಾನುಭವಿಯ ಉಳಿದ ಭಾಗ ಎಂದಿನಂತೆ ಕೂತಿರತಕ್ಕದ್ದು."

ದೋಣಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ತನ್ನದೇ ಅಕ್ಕಿಯಲ್ಲಿ ಮಾಸ್ತಮ್ಮನಿಗೆ ಮೊದಲ ಬಾರಿಗೆ ಒಂದು ಪಾಲು ಸಿಕ್ಕಿತು. ದಾಸ ಅವಳ ಹೆಬ್ಬೆಟ್ಟಿನ ಫೋಟೊ ಹೊಡೆದುಕೊಂಡ. ನನಗೂ ಕಣ್ಣು ತುಂಬಿ ಬಂತು.

ಸಂಜೆ ಸಮಿತಿಯ ಪರವಾಗಿ ಅಭಿನಂದಿಸಲು ಅವಳ ಮನೆಗೆ ಹೋದೆ. ಒಲೆಯ ಮೇಲೆ ಗಂಜಿಯಿತ್ತು. ನೇತ್ರಾ ತಟ್ಟೆ ಹಿಡಿದು ಕೂತಿದ್ದಳು. ಸೌದೆ ಹಸಿ, ಮನೆತುಂಬ ಹೊಗೆ. ನಾನು ಬಗ್ಗಿ ಒಮ್ಮೆ ಊದಿದೆ. ಬೆಂಕಿ ಹತ್ತಿಕೊಂಡಿತು.

ಮಾಸ್ತಮ್ಮ ನನ್ನನ್ನು ನೋಡಿದಳು. ಪಾತ್ರೆಯನ್ನು ನೋಡಿದಳು. ಆಮೇಲೆ ಇನ್ನೊಂದು ತಟ್ಟೆ ತೆಗೆದಳು.

"ಊದಿದವರ ಪಾಲು," ಎಂದಳು.

ನೇತ್ರಾ ಸರಿದು ಜಾಗ ಮಾಡಿಕೊಟ್ಟಳು. ಪದ್ಧತಿ ತಿಳಿದ ಹುಡುಗಿ. ಗಂಜಿಗೆ ಉಪ್ಪು ಸ್ವಲ್ಪ ಕಮ್ಮಿಯಿತ್ತು.